ಹೆಸರು ಹೇಳಿಯೇ ಬರಲಿ ಖಳ

‘ಡಾಕ್ಟರ್ ಹೂ’ ಆಡಿಯೋ ನಾಟಕಗಳನ್ನು ಕೇಳುವವರ ನಡುವೆ, ಹಳೆಯ ಖಳನೊಬ್ಬ ಮರಳಿ ಬರುತ್ತಾನೆಂಬ ಸುದ್ದಿ ಹರಡಿತೆಂದರೆ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತವೆ. ಒಂದು, ‘ಮತ್ತೆ ಅವನೇನಾ? ಬರೆಯುವವರಿಗೆ ಹೊಸದೇನೂ ಹೊಳೆಯುತ್ತಿಲ್ಲ’ ಎಂಬುದು. ಇನ್ನೊಂದು, ‘ಬರುವುದಾದರೆ ಬರಲಿ, ಮೊದಲೇ ಯಾಕೆ ಹೇಳಿಬಿಟ್ಟರು?’ ಎಂಬುದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಮೊದಲನೆಯದು ಬರುವುದೇ ಬೇಡ ಎನ್ನುತ್ತದೆ, ಎರಡನೆಯದು ಕದ್ದು ಬಾ ಎನ್ನುತ್ತದೆ. ಆದರೆ ಎರಡರ ಬೇರೂ ಒಂದೇ. ಖಳ ಮರಳುವುದನ್ನು ಇಬ್ಬರೂ ಒಂದು ಸುದ್ದಿ ಎಂದೇ ಎಣಿಸಿದ್ದಾರೆ. ಸುದ್ದಿಯಾದರೆ ಒಮ್ಮೆ ತಿಳಿದ ಮೇಲೆ ಹಳಸುತ್ತದೆ. ಕಿವಿಯೊಂದನ್ನೇ ನಂಬಿದ ನಾಟಕದಲ್ಲಿ ಖಳನ ಮರಳುವಿಕೆ ಸುದ್ದಿಯ ಜಾತಿಗೆ ಸೇರಿದ್ದೇ ಅಲ್ಲ, ಅರ್ಧಕ್ಕೆ ನಿಂತುಹೋದ ವಾದವೊಂದು ಅಲ್ಲಿ ಮುಂದುವರಿಯುತ್ತದೆ ಎಂಬುದು ನನ್ನ ವಾದ. ಆದ್ದರಿಂದ ಅವನು ಬರಬೇಕು, ಹೆಸರು ಹೇಳಿಕೊಂಡೇ ಬರಬೇಕು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ, ಸಾವು ಹತ್ತಿರ ಬಂದಾಗ ಮೈಯನ್ನೇ ಬದಲಿಸಿಕೊಳ್ಳುವ ಡಾಕ್ಟರನ ಕಥೆಯನ್ನು ಬಿಬಿಸಿ ಟೆಲಿವಿಷನ್ 1963ರ ನವೆಂಬರಿನಲ್ಲಿ ಆರಂಭಿಸಿ 1989ರಲ್ಲಿ ನಿಲ್ಲಿಸಿತು. 1996ರಲ್ಲಿ ಒಂದು ಟೆಲಿಚಿತ್ರ ಬಂದು ಹೋಯಿತು. ಟಿವಿಯಲ್ಲಿ ಸರಣಿ ಸತ್ತೇಹೋಯಿತೆಂದು ಎಲ್ಲರೂ ನಂಬಿದ್ದ ಹೊತ್ತಿನಲ್ಲಿ, 1999ರಲ್ಲಿ, ಬಿಗ್ ಫಿನಿಶ್ ಎಂಬ ಸಣ್ಣ ಕಂಪನಿ ಹಳೆಯ ನಟರನ್ನೇ ಸ್ಟುಡಿಯೋಗೆ ಕರೆದು ಸಿ.ಡಿ. ರೂಪದಲ್ಲಿ ಹೊಸ ನಾಟಕಗಳನ್ನು ತರತೊಡಗಿತು. 2005ರಲ್ಲಿ ಸರಣಿ ಟಿವಿಗೆ ಮರಳಿದ ಮೇಲೂ ಈ ನಾಟಕಗಳು ನಿಲ್ಲಲಿಲ್ಲ. ಮಾಸ್ಟರ್, ಡಾವ್ರೋಸ್, ಡಾಲೆಕ್, ಸೈಬರ್‌ಮನ್ ಎಂಬ ಹಳೆಯ ವೈರಿಗಳೆಲ್ಲ ಇಲ್ಲಿ ಪದೇ ಪದೇ ಬಂದಿದ್ದಾರೆ.

ಗುಟ್ಟು ಕಾಯಬೇಕೆಂಬ ಹಟಕ್ಕೆ ಒಂದು ಮೂಲಪುರಾಣವೇ ಇದೆ. 1982ರಲ್ಲಿ ‘ಅರ್ಥ್‌ಶಾಕ್’ ಪ್ರಸಾರವಾದಾಗ, ಅದರ ಮೊದಲ ಕಂತಿನ ಕೊನೆಯ ಕ್ಷಣಗಳಲ್ಲಿ ಸೈಬರ್‌ಮನ್‌ಗಳು ತೆರೆಯ ಮೇಲೆ ಕಾಣಿಸಿಕೊಂಡರು. ಅವರು ಮುಖ್ಯ ಖಳರಾಗಿ ಬಂದು ಏಳು ವರ್ಷ ಕಳೆದಿತ್ತು. ಈ ಗುಟ್ಟು ಒಡೆಯಬಾರದೆಂದು ನಿರ್ಮಾಪಕ ಜಾನ್ ನೇಥನ್-ಟರ್ನರ್ ‘ರೇಡಿಯೋ ಟೈಮ್ಸ್’ ಪತ್ರಿಕೆಯ ಮುಖಪುಟವನ್ನೇ ಬೇಡವೆಂದಿದ್ದರು. ಅಂದು ಟಿವಿ ಮುಂದೆ ಕೂತಿದ್ದ ಮಕ್ಕಳು ದೊಡ್ಡವರಾಗಿ ಇಂದಿಗೂ ಆ ಕ್ಷಣವನ್ನು ನೆನೆಯುತ್ತಾರೆ, ನೆನೆಯಲಿ. ಅದು ಕಣ್ಣಿಗಾದ ಆಘಾತ. ಬೆಳ್ಳಿಬಣ್ಣದ ಆ ಮೈ, ತಲೆಯ ಎರಡೂ ಕಡೆ ಹಿಡಿಕೆ, ಕಣ್ಣಿನ ಜಾಗದಲ್ಲಿ ತೂತು ಎಲ್ಲವೂ ಅರೆಕ್ಷಣದಲ್ಲಿ ಗುರುತು ಸಿಕ್ಕಿಬಿಡುತ್ತದೆ, ಯಾರೂ ಬಾಯಿ ಬಿಡಬೇಕಾಗಿಲ್ಲ.

ಧ್ವನಿಯಲ್ಲಿ ಇದು ಹೇಗೆ ಸಾಧ್ಯ? ಯಂತ್ರದ ಸಂಸ್ಕಾರ ಪಡೆದ ದನಿಯಾದರೆ ಮೊದಲ ಅಕ್ಷರಕ್ಕೇ ಗುರುತು ಹತ್ತುತ್ತದೆ. ಸಹಜ ದನಿಯಾದರೆ ಯಾರಾದರೊಬ್ಬರು ಅವನ ಹೆಸರು ಹಿಡಿದು ಕೂಗಬೇಕು, ಇಲ್ಲವೆ ಅವನೇ ‘ನಾನು ಇಂಥವನು’ ಎಂದು ಘೋಷಿಸಿಕೊಳ್ಳಬೇಕು. ಮೊದಲನೆಯದರಲ್ಲಿ ಗುಟ್ಟು ಉಳಿಯುವುದಿಲ್ಲ, ಎರಡನೆಯದರಲ್ಲಿ ನಾಟಕ ನಿಂತು ಪ್ರಕಟಣೆ ಶುರುವಾಗುತ್ತದೆ. 2001ರ ‘ಡಸ್ಟ್ ಬ್ರೀಡಿಂಗ್’ ನೋಡಿ. ಮಾಸ್ಟರ್ ಅಲ್ಲಿ ಮಿಸ್ಟರ್ ಸೆಟಾ ಎಂಬ ಹೆಸರಿನಲ್ಲಿ ಬರುತ್ತಾನೆ. ಪಾತ್ರ ಮಾಡಿದವರು ಜೆಫ್ರಿ ಬೀವರ್ಸ್. 1981ರ ‘ದ ಕೀಪರ್ ಆಫ್ ಟ್ರಾಕೆನ್’ನಲ್ಲಿ ಅದೇ ಪಾತ್ರ ಮಾಡಿದ್ದ ಅವರ ಆ ನಯವಾದ, ಎಣ್ಣೆ ಹಚ್ಚಿದಂಥ ದನಿ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಹೀಗಾಗಿ ಹಳೆಯ ಕೇಳುಗನಿಗೆ ಗುಟ್ಟು ಮೊದಲೇ ಗೊತ್ತು; ಹೊಸ ಕೇಳುಗನಿಗೆ ಆ ಗುಟ್ಟು ಬಯಲಾದರೂ ಆಗಬೇಕಾದ್ದೇನೂ ಇಲ್ಲ. ಅಷ್ಟು ಹೊತ್ತು ಬೀವರ್ಸ್‌ರಂಥ ನಟ ಮುಖವಾಡದ ಹಿಂದೆ ವ್ಯರ್ಥವಾಗುತ್ತಾರೆ. ಟಿವಿಯಿಂದ ಎರವಲು ತಂದ ತಂತ್ರವನ್ನು ಕಿವಿಯ ಮಾಧ್ಯಮಕ್ಕೆ ಹೊರಿಸಿದ್ದರ ಫಲ ಇದು.

ಎರಡು ವರ್ಷಗಳ ನಂತರ ಅದೇ ಕಂಪನಿ ತದ್ವಿರುದ್ಧ ದಾರಿ ಹಿಡಿಯಿತು. ಸರಣಿಯ ನಲವತ್ತನೇ ವರ್ಷಕ್ಕೆ, 2003ರಲ್ಲಿ, ಬೆನ್ನುಬೆನ್ನಿಗೆ ಮೂರು ನಾಟಕ ಬಂದವು: ‘ಒಮೆಗಾ’, ‘ಡಾವ್ರೋಸ್’, ‘ಮಾಸ್ಟರ್’. ಖಳನ ಹೆಸರೇ ನಾಟಕದ ಹೆಸರು. ಮುಚ್ಚಿಡಲು ಏನೂ ಉಳಿಯಲಿಲ್ಲ. ಹಾಗಾಗಿ ಬರೆದವರು ಬೇರೇನಾದರೂ ಕೊಡಲೇಬೇಕಾಯಿತು.

ಲಾನ್ಸ್ ಪಾರ್ಕಿನ್ ಬರೆದ ‘ಡಾವ್ರೋಸ್’ನಲ್ಲಿ ಡಾಲೆಕ್‌ಗಳೇ ಇಲ್ಲ. ಅವುಗಳನ್ನು ಸೃಷ್ಟಿಸಿದ ವಿಜ್ಞಾನಿಯನ್ನು ದೊಡ್ಡ ಕಂಪನಿಯೊಂದು ನೌಕರಿಗೆ ಇಟ್ಟುಕೊಳ್ಳುತ್ತದೆ. ಅಷ್ಟು ಬುದ್ಧಿವಂತನನ್ನು ಸುಮ್ಮನೆ ಬಿಡುವುದುಂಟೆ ಎಂಬುದು ಮಾಲೀಕನ ಲೆಕ್ಕ. ಅವನ ಮೇಲೆ ಕಣ್ಣಿಡಲು ಡಾಕ್ಟರ್ ಕೂಡ ಅಲ್ಲೇ ಕೆಲಸಕ್ಕೆ ಸೇರುತ್ತಾನೆ. 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ನಲ್ಲಿ ಈ ಇಬ್ಬರ ನಡುವೆ ಒಂದು ವಾದ ನಡೆದಿತ್ತು. ಜಗತ್ತಿನ ಜೀವವನ್ನೆಲ್ಲ ಅಳಿಸುವ ಶಕ್ತಿ ನಿನ್ನ ಬೆರಳ ತುದಿಗೆ ಬಂದರೆ ಬಳಸುತ್ತೀಯಾ ಎಂದು ಡಾಕ್ಟರ್ ಕೇಳಿದ್ದ, ಡಾವ್ರೋಸ್ ಆ ಯೋಚನೆಯ ರುಚಿಗೇ ಮರುಳಾಗಿದ್ದ. ಆಮೇಲಿನ ಟಿವಿ ಕಥೆಗಳಲ್ಲಿ ಆ ವಾದ ಮುಂದುವರಿಯಲೇ ಇಲ್ಲ. ಡಾವ್ರೋಸ್ ಅಬ್ಬರಿಸುವ ಮುದುಕನಾದ, ಡಾಲೆಕ್ ಸೈನ್ಯದ ಸದ್ದಿನಲ್ಲಿ ಅವನ ಮಾತು ಮುಳುಗಿತು. 1984ರಿಂದ ಮೂರು ಕಥೆಗಳಲ್ಲಿ ಆ ಪಾತ್ರ ಮಾಡಿದ್ದ ಟೆರಿ ಮೊಲಾಯ್ ಆಡಿಯೋದಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿ ಮಾತಾಡುತ್ತಾರೆ. ರಬ್ಬರಿನ ಮುಖವಾಡವಿಲ್ಲ, ಗಾಲಿಕುರ್ಚಿಯಿಲ್ಲ. ನಾನು ಬದಲಾಗಿದ್ದೇನೆ, ನನ್ನ ಬುದ್ಧಿಯನ್ನು ಒಳ್ಳೆಯದಕ್ಕೆ ಬಳಸುತ್ತೇನೆ ಎಂದು ಅವನು ಹೇಳುವಾಗ ನಂಬಬಾರದೆಂದು ನಮಗೆ ಗೊತ್ತು, ಆದರೂ ಆ ದನಿ ನಮ್ಮನ್ನು ಅಲುಗಾಡಿಸುತ್ತದೆ. ಇದು ಸಾಧ್ಯವಾದದ್ದು ಅವನು ಯಾರೆಂದು ಮೊದಲ ನಿಮಿಷದಿಂದಲೇ ಗೊತ್ತಿದ್ದರಿಂದ.

ಇನ್ನು ‘ಮರಳಿ ಮರಳಿ ಬಂದರೆ ಖಳ ಸವೆಯುತ್ತಾನೆ’ ಎಂಬ ಆಕ್ಷೇಪ. ಅದು ಗಟ್ಟಿಯಾದದ್ದು, ಸುಮ್ಮನೆ ತಳ್ಳಿಹಾಕಲು ಬಾರದು. ಪ್ರತಿ ಸಲ ಸೋಲುವವನಿಗೆ ಯಾರು ಹೆದರುತ್ತಾರೆ? ಡಾಲೆಕ್ ಇಂದು ಆಟಿಕೆ, ಕಪ್ಪಿನ ಮೇಲಿನ ಚಿತ್ರ, ಕೀಲಿಗೊಂಚಲು. ಆದರೆ ಈ ಸವಕಲನ್ನೇ ವಸ್ತು ಮಾಡಿಕೊಂಡ ನಾಟಕವೊಂದಿದೆ. ರಾಬರ್ಟ್ ಶಿಯರ್‌ಮನ್ ಬರೆದ ‘ಜುಬಿಲೀ’ಯಲ್ಲಿ ಡಾಲೆಕ್‌ಗಳು 1903ರಲ್ಲಿ ಇಂಗ್ಲೆಂಡಿನ ಮೇಲೆ ದಾಳಿ ಮಾಡಿ ಸೋತಿವೆ. ಗೆದ್ದ ಇಂಗ್ಲೆಂಡ್ ಜಗತ್ತನ್ನೇ ಆಳುವ ಕ್ರೂರ ಸಾಮ್ರಾಜ್ಯವಾಗಿದೆ, ಡಾಲೆಕ್ ಅಲ್ಲಿ ಅಂಗಡಿಯ ಸರಕು, ಸಿನಿಮಾದ ವಸ್ತು. ಉಳಿದ ಒಂದೇ ಒಂದು ಡಾಲೆಕ್ ಅನ್ನು ನೂರು ವರ್ಷದಿಂದ ಲಂಡನ್ ಟವರ್‌ನ ಕೋಣೆಯಲ್ಲಿ ಕೂಡಿಹಾಕಿದ್ದಾರೆ, ಶತಮಾನೋತ್ಸವದ ದಿನ ಜನರೆದುರು ಕೊಲ್ಲುವುದಕ್ಕೆಂದು. ಎವೆಲಿನ್ ಸ್ಮೈತ್ ಎಂಬ ವಯಸ್ಸಾದ ಇತಿಹಾಸದ ಪ್ರಾಧ್ಯಾಪಕಿ ಆ ಕೋಣೆಯೊಳಗೆ ಹೋಗಿ ಅದರೊಂದಿಗೆ ಮಾತಾಡುತ್ತಾಳೆ.

ಆ ಮಾತುಕತೆಯಷ್ಟು ದಟ್ಟವಾದದ್ದನ್ನು ಈ ಸರಣಿಯ ಇಡೀ ಚರಿತ್ರೆಯಲ್ಲಿ ನಾನು ಬೇರೆ ಕಡೆ ಕೇಳಿಲ್ಲ. ಆಜ್ಞೆ ಕೊಡುವವರಿಲ್ಲದೆ ನೂರು ವರ್ಷ ಕಳೆದ ಸೈನಿಕ ಏನಾಗುತ್ತಾನೆ? ಅದನ್ನು ಹಿಡಿದಿಟ್ಟವರು ಅದಕ್ಕಿಂತ ಯಾವುದರಲ್ಲಿ ಮೇಲು? 1963ರಲ್ಲಿ ಬಿಬಿಸಿಯ ಬ್ರಯನ್ ಹಾಜ್‌ಸನ್ ನಟರ ದನಿಯನ್ನು ರಿಂಗ್ ಮಾಡ್ಯುಲೇಟರ್ ಎಂಬ ಸಾಧನದೊಳಗೆ ಹಾಯಿಸಿ, ಒಡೆದು ಗರಗರಿಸುವ ಡಾಲೆಕ್ ದನಿಯನ್ನು ರೂಪಿಸಿದ್ದರು. ನಾಲ್ಕು ದಶಕ ಅದು ಕಿರುಚಲಿಕ್ಕೆಂದೇ ಬಳಕೆಯಾಗಿತ್ತು. ಇಲ್ಲಿ ನಿಕೊಲಸ್ ಬ್ರಿಗ್ಸ್ ಅದೇ ದನಿಯಲ್ಲಿ ದಣಿವನ್ನು, ಗೊಂದಲವನ್ನು ಕೇಳಿಸುತ್ತಾರೆ. ಟಿವಿ ಸರಣಿ 2005ರಲ್ಲಿ ಮತ್ತೆ ಆರಂಭವಾದಾಗ ಶಿಯರ್‌ಮನ್ ಅವರೇ ಈ ನಾಟಕದ ತಿರುಳನ್ನು ಹಿಡಿದು ‘ಡಾಲೆಕ್’ ಎಂಬ ಕಂತನ್ನು ಬರೆದರು. ಡಾಲೆಕ್ ಎಂದರೇನೆಂದೇ ತಿಳಿಯದ ಒಂದು ಪೀಳಿಗೆಯ ಮಕ್ಕಳು ಅದಕ್ಕೆ ಹೆದರಿದ್ದು ಆ ಕಂತಿನಿಂದ. ಸವೆದುಹೋಗಿದೆ ಎಂದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ?

ಇಲ್ಲಿ ತಾಳಮದ್ದಳೆಯನ್ನು ನೆನೆಯದೆ ಮುಂದೆ ಹೋಗಲಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ಅಷ್ಟೆ. ಕರಾವಳಿಯಲ್ಲಿ ವಾಲಿವಧೆ ಎಷ್ಟು ಮಳೆಗಾಲ ನಡೆದಿದೆಯೋ ಲೆಕ್ಕವಿಟ್ಟವರಿಲ್ಲ. ವಾಲಿ ಸಾಯುತ್ತಾನೆಂಬುದು ಸಭೆಯ ಮಗುವಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಅವರ ರಾವಣ, ಅವರ ಮಾಗಧ ಎಂದರೆ ಜನ ದೂರದೂರದಿಂದ ಬಂದು ಕೂರುತ್ತಿದ್ದರು. ಬಿದ್ದ ವಾಲಿ ರಾಮನನ್ನು ಈ ಸಲ ಯಾವ ಪ್ರಶ್ನೆಯಿಂದ ಹಿಡಿಯುತ್ತಾನೆ, ರಾಮನ ಅರ್ಥ ಹೇಳುವವರು ಅದಕ್ಕೆ ಏನೆನ್ನುತ್ತಾರೆ ಎಂಬುದೇ ಅಲ್ಲಿಯ ಕುತೂಹಲ. ಪ್ರತಿನಾಯಕನ ಪಾತ್ರ ಹಲವರ ಬಾಯಲ್ಲಿ ಬೆಳೆಯಿತೇ ಹೊರತು ಸವೆಯಲಿಲ್ಲ. ಮಾಸ್ಟರ್ ಪಾತ್ರವೂ ಹೀಗೆಯೇ. 1971ರಲ್ಲಿ ಅದನ್ನು ಆರಂಭಿಸಿದ ರೋಜರ್ ಡೆಲ್ಗಾಡೊ 1973ರಲ್ಲಿ ಟರ್ಕಿಯಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು. ಅವರ ಬಳಿಕ ಎಷ್ಟೋ ದನಿಗಳು ಆ ಪಾತ್ರವನ್ನು ಹೊತ್ತಿವೆ. ಬೇರೆ ನಟ ಬಂದಾಗಲೆಲ್ಲ ‘ಇವನು ನಮ್ಮ ಮಾಸ್ಟರ್ ಅಲ್ಲ’ ಎಂಬ ಅಭಿಮಾನಿಗಳ ತಕರಾರು ಕೇಳುವಾಗ, ಅರ್ಥಧಾರಿ ಬದಲಾದರೆ ಪಾತ್ರ ಹೊಸ ಬಾಗಿಲು ತೆರೆಯುತ್ತದೆಂಬ ನಮ್ಮ ಕಡೆಯ ಅನುಭವವನ್ನು ಅವರಿಗೆ ಹೇಳಬೇಕೆನಿಸುತ್ತದೆ.

ಹೆಸರು ಹೇಳಿ ಬಂದ ನಾಟಕಗಳೆಲ್ಲ ಚೆನ್ನಾಗಿವೆ ಎಂದೇನೂ ನಾನು ಹೇಳುತ್ತಿಲ್ಲ. ಜೋಸೆಫ್ ಲಿಡ್‌ಸ್ಟರ್ ಬರೆದ ‘ಮಾಸ್ಟರ್’ ಅರ್ಧ ಅದ್ಭುತ. ನೆನಪು ಕಳೆದುಕೊಂಡು, ಸುಟ್ಟ ಮುಖ ಹೊತ್ತು, ಹತ್ತು ವರ್ಷ ಊರಿಗೆ ಬೇಕಾದ ವೈದ್ಯನಾಗಿ ಬಾಳಿದವನ ಮನೆಗೆ ಒಂದು ರಾತ್ರಿ ಗೆಳೆಯರು ಬಂದಿದ್ದಾರೆ, ಬಾಗಿಲಿಗೆ ಡಾಕ್ಟರ್ ಬರುತ್ತಾನೆ. ಅವನು ಯಾರೆಂದು ನಮಗೆ ಗೊತ್ತು, ಅವನಿಗೇ ಗೊತ್ತಿಲ್ಲ. ಇಷ್ಟರಿಂದಲೇ ನಾಟಕ ಉಸಿರು ಕಟ್ಟಿಸುತ್ತದೆ. ಆಮೇಲೆ ಮೃತ್ಯುದೇವತೆ ಬಂದು, ಬಾಲ್ಯದ ಒಂದು ಕೊಲೆಯ ಕಥೆ ತಂದು, ಅವನ ಕೆಟ್ಟತನಕ್ಕೆಲ್ಲ ಒಂದೇ ಕಾರಣ ಕೊಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಅಲ್ಲಿ ಪಾತ್ರ ಕುಗ್ಗಿತು. ಗಮನಿಸಿ, ಕುಗ್ಗಿದ್ದು ಅವನು ಮರಳಿದ್ದರಿಂದಲ್ಲ, ಅವನನ್ನು ಪೂರಾ ಬಿಡಿಸಿ ಹೇಳಿಬಿಟ್ಟದ್ದರಿಂದ.

2017ರಲ್ಲಿ ಬಂದ ‘ಓನ್ಲಿ ದ ಗುಡ್’ ಈ ತಪ್ಪನ್ನು ಮಾಡುವುದಿಲ್ಲ. ಡೆರೆಕ್ ಜಾಕೋಬಿ 2007ರ ಟಿವಿ ಕಂತೊಂದರಲ್ಲಿ ಮಾಸ್ಟರ್ ಆಗಿ ಕಾಣಿಸಿದ್ದು ಕೆಲವೇ ನಿಮಿಷ, ಅಷ್ಟರಲ್ಲಿ ಪಾತ್ರ ಜಾನ್ ಸಿಮ್ ಕೈಗೆ ಹೋಗಿತ್ತು. ಅಂಥ ನಟನಿಗೆ ಹತ್ತು ವರ್ಷದ ಬಳಿಕ ಆಡಿಯೋ ಇಡೀ ಸರಣಿಯನ್ನೇ ಕೊಟ್ಟಿತು. ‘ವಾರ್ ಮಾಸ್ಟರ್’ ಎಂದು ಹೊದಿಕೆಯ ಮೇಲೇ ಅಚ್ಚಾಗಿದೆ. ಒಳಗಿನ ಪಾತ್ರಗಳಿಗೆ ಮಾತ್ರ ಅದು ಗೊತ್ತಿಲ್ಲ. ಅವರ ಪಾಲಿಗೆ ಅವನು ಮೃದು ಮಾತಿನ ಹಿರಿಯ, ಕಷ್ಟದಲ್ಲಿ ಜೊತೆ ನಿಂತವನು. ಅವರು ಅವನನ್ನು ನಂಬುವುದನ್ನು ಕೇಳುತ್ತ ಕೇಳುತ್ತ ನಮಗೆ ಕೂಗಿ ಎಚ್ಚರಿಸಬೇಕೆನಿಸುತ್ತದೆ. ಗುಟ್ಟಿನ ಆಘಾತ ಒಂದು ಗಳಿಗೆಯದು, ಗೊತ್ತಿರುವುದರ ಆತಂಕ ನಾಲ್ಕು ಗಂಟೆಯದು.

ಕೊನೆಯದಾಗಿ ಹೊಸಬರ ಪ್ರಶ್ನೆ. ಹಳೆಯ ಖಳರು ಬಂದರೆ ಹಿಂದಿನದೇನೂ ಗೊತ್ತಿಲ್ಲದವರು ಹೊರಗುಳಿಯುತ್ತಾರೆ ಎನ್ನುತ್ತಾರೆ. ಅಂಥವರ ಕೈಗೆ ನಾನು ಮೊದಲು ಕೊಡುವುದು ಮಾರ್ಕ್ ಪ್ಲಾಟ್ ಬರೆದ, 2002ರ ‘ಸ್ಪೇರ್ ಪಾರ್ಟ್ಸ್’. ಸೂರ್ಯನಿಂದ ದೂರ ಸರಿದ ಮೊಂಡಾಸ್ ಎಂಬ ಗ್ರಹ, ನೆಲದಡಿಯ ಊರು, ಹಾರ್ಟ್‌ಲಿ ಎಂಬ ಸಾಮಾನ್ಯ ಸಂಸಾರ. ಮೇಲಿನ ಚಳಿಯಲ್ಲಿ ಬದುಕುಳಿಯಬೇಕಾದರೆ ಮೈಯ ಒಂದೊಂದೇ ಭಾಗವನ್ನು ಲೋಹಕ್ಕೆ ಬಿಟ್ಟುಕೊಡಬೇಕು. ಸೈಬರ್‌ಮನ್‌ಗಳನ್ನು ಕಲ್ಪಿಸಿದವರಲ್ಲೊಬ್ಬರಾದ ಕಿಟ್ ಪೆಡ್ಲರ್ ವೈದ್ಯ ವಿಜ್ಞಾನಿ. ಬದಲಿ ಅಂಗಗಳು ಹೆಚ್ಚುತ್ತ ಹೋದರೆ ಮನುಷ್ಯ ಎಲ್ಲಿ ಮುಗಿಯುತ್ತಾನೆ ಎಂಬ ಅವರ ಭಯದಿಂದಲೇ ಈ ಖಳರು ಹುಟ್ಟಿದ್ದು. 1966ರ ಮೊದಲ ಕಥೆಯಲ್ಲಿ ಸೈಬರ್‌ಮನ್‌ಗಳು ಎಲ್ಲೆಲ್ಲೋ ಏರಿಳಿಯುವ ರಾಗದಲ್ಲಿ ಮಾತಾಡುತ್ತಿದ್ದರು, ಮುಂದೆ ಅದು ಹಲವರಿಗೆ ನಗೆಯ ವಸ್ತುವಾಯಿತು. ಪ್ಲಾಟ್‌ರ ನಾಟಕದಲ್ಲಿ ಅದೇ ರಾಗ ಕೇಳುತ್ತದೆ. ಕೆಲಸಕ್ಕೆಂದು ಕರೆಸಿಕೊಂಡು ಹೋಗಿ ಅರೆ ಯಂತ್ರವಾಗಿಸಿದ ಮಗಳು ಇವೋನ್ ದಾರಿ ನೆನಪಿಟ್ಟುಕೊಂಡು ತಂದೆಯ ಮನೆಗೆ ಬರುತ್ತಾಳೆ. ಅವಳ ಮಾತು ಆ ರಾಗದಲ್ಲಿದೆ. ಅಪ್ಪ ಗುರುತು ಹಿಡಿಯುತ್ತಾನೆ.

ಈ ದೃಶ್ಯ ಅರ್ಥವಾಗಲು ‘ಅರ್ಥ್‌ಶಾಕ್’ ನೋಡಿರಬೇಕಾಗಿಲ್ಲ. ನೋಡಿದ್ದವರಿಗೆ ಮಾತ್ರ ಇನ್ನೊಂದು ನೋವು ಸೇರುತ್ತದೆ: ಆ ಕಥೆಯಲ್ಲಿ ಸೈಬರ್‌ಮನ್‌ಗಳ ಜೊತೆಗಿನ ಹೋರಾಟದಲ್ಲಿ ಸತ್ತ ಏಡ್ರಿಕ್ ಎಂಬ ಹುಡುಗನ ಗೆಳತಿ ನಿಸಾ ಇಲ್ಲಿಯೂ ಡಾಕ್ಟರನ ಜೊತೆಗಿದ್ದಾಳೆ. ಇವರೆಲ್ಲ ಮುಂದೆ ಏನಾಗುತ್ತಾರೆಂಬುದು ಅವಳಿಗೆ ಗೊತ್ತು, ಆದರೂ ಈಗಿನ್ನೂ ಮನುಷ್ಯರಾಗಿರುವ ಇವರನ್ನು ಉಳಿಸಲೇಬೇಕೆಂದು ಡಾಕ್ಟರನ ಎದುರು ಹಟ ಹಿಡಿಯುವವಳು ಅವಳೇ.