ಅಮಲಿಲ್ಲದ ಬಿಯರ್ ಮತ್ತು ಶ್ರಾವಕಧರ್ಮ

ಅಮೆರಿಕದ ಬೌಲ್ಡರ್‌ನಲ್ಲಿ 1982ರಲ್ಲಿ ಆರಂಭಗೊಂಡು ಮುಂದೆ ಡೆನ್ವರ್ ನಗರಕ್ಕೆ ಸಾಗಿದ ‘ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್’ ಸಣ್ಣ ಬಿಯರ್ ತಯಾರಕರ ಪಾಲಿಗೆ ಪ್ರತಿಷ್ಠೆಯ ಸ್ಪರ್ಧೆ. ಯಾರ ತಯಾರಿಕೆಯೆಂಬುದನ್ನು ಅರಿಯದೆಯೇ ತೀರ್ಪುಗಾರರು ಬಣ್ಣ, ಪರಿಮಳ, ರುಚಿಗಳನ್ನು ಪರೀಕ್ಷಿಸಿ ಪದಕ ನೀಡುತ್ತಾರೆ. ಪಕ್ಷಪಾತಕ್ಕೆ ಎಡೆಗೊಡದ ಕ್ರಮವೆಂಬುದನ್ನು ಒಪ್ಪಲೇಬೇಕು. ಅಲ್ಲಿ ಮದ್ಯಸಾರರಹಿತ ಬಿಯರಿಗೂ ಪ್ರತ್ಯೇಕ ವಿಭಾಗವುಂಟು. ಅಮಲೇರಿಸದ ಪಾನೀಯವನ್ನು ಶ್ರಾವಕರು ಸೇವಿಸಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವು ಮದ್ಯವನ್ನು ನಿಷೇಧಿಸುವುದು ಅದು ಮನಸ್ಸನ್ನು ಮೋಹಗೊಳಿಸುವುದರಿಂದ ಮಾತ್ರವಲ್ಲ, ಅನೇಕ ಜೀವಿಗಳ ಉತ್ಪತ್ತಿಸ್ಥಾನವಾದುದರಿಂದಲೂ ಹೌದು. ಮದ್ಯಸಾರವನ್ನು ತೆಗೆದ ಮಾತ್ರಕ್ಕೆ ಈ ಎರಡನೆಯ ಆಕ್ಷೇಪ ನಿವಾರಣೆಯಾಗದು. ಇಂಥ ಬಿಯರುಗಳಲ್ಲಿ ಹಲವನ್ನು ಯೀಸ್ಟ್ ಬೆರೆಸಿ ಹುದುಗೆಬ್ಬಿಸಿದ ಬಳಿಕವೇ ಮದ್ಯಸಾರದಿಂದ ಬೇರ್ಪಡಿಸುತ್ತಾರೆ. ಅದೂ ಪೂರ್ಣವಾಗಿ ಅಲ್ಲ: ಶೇಕಡಾ 0.5ಕ್ಕಿಂತ ಕಡಿಮೆ ಉಳಿದಿದ್ದರೆ ಅಮೆರಿಕದ ಕಾನೂನು ಆಕ್ಷೇಪಿಸುವುದಿಲ್ಲ.