ಎಲೆಯ ಬೆನ್ನಿಗೆ ಬಣ್ಣ

ಅರಳಿ ಎಲೆಯ ಹಿಂಬದಿಗೆ ಬಣ್ಣ ಬಳಿದು ಕಾಗದಕ್ಕೆ ಒತ್ತುವುದು ಪ್ರಾಥಮಿಕ ಶಾಲೆಯ ಅತಿ ಅಗ್ಗದ ಚಿತ್ರಕಲೆ. ನನ್ನ ಲೆಕ್ಕದಲ್ಲಿ ಅತಿ ಒಳ್ಳೆಯದೂ ಹೌದು. ನುಣುಪಾದ ಮೇಲ್ಮೈ ಒತ್ತಿದರೆ ಬರೀ ಬಣ್ಣದ ಮುದ್ದೆ, ನರಗಳು ಉಬ್ಬಿರುವ ಹಿಂಬದಿ ಒತ್ತಿದರೆ ಇಡೀ ಜಾಲ ಮೂಡುತ್ತದೆ. ಬಿದಿರಿನ ಎಲೆ ಒತ್ತಿದರೆ ಜಾಲವಿಲ್ಲ, ಸಾಲುಗೆರೆಗಳಷ್ಟೆ. ವಿಜ್ಞಾನದ ಪುಸ್ತಕ ಮುಂದೆಂದೋ ಹೆಸರಿಟ್ಟು ಹೇಳುವ ಈ ಭೇದವನ್ನು ಮಗುವಿನ ಬೆರಳು ಮೊದಲೇ ತಿಳಿದಿರುತ್ತದೆ. ಮೈಸೂರಿನ ಕುವೆಂಪುನಗರದ ಶಾಲೆಗಳಿಗೆ ಸಾಮಗ್ರಿಗೇನೂ ಬರವಿಲ್ಲ: ಉದುರಿದ ಎಲೆ ಪುಕ್ಕಟೆ, ಒಂದು ಕಡೆ ಕುಕ್ಕರಹಳ್ಳಿ ಕೆರೆ, ಇನ್ನೊಂದು ಕಡೆ ಲಿಂಗಾಂಬುಧಿ. ಕುಕ್ಕರಹಳ್ಳಿಯ ಹೆಜ್ಜಾರ್ಲೆಯನ್ನು ಜೇಡಿಮಣ್ಣಿನಲ್ಲಿ ಮಾಡಹೊರಟ ಮಗು, ಕೊಕ್ಕಿನ ಕೆಳಗಿನ ಚೀಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ನೋಡದೆ ವಿಧಿಯಿಲ್ಲ. ಚಿತ್ರಕಲೆಯ ಬೆಲೆ ಇರುವುದು ಈ ನೋಟದ ಒತ್ತಾಯದಲ್ಲಿ.

ಅಂಕ ತಾರದ ಕೆಲಸಕ್ಕೆ ಇಷ್ಟು ಹೊತ್ತೇಕೆ ಎಂಬ ಆಕ್ಷೇಪ ಹಳೆಯದು. ಇದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಬೋಧನಾ ಪದ್ಧತಿಯು ಹಾಡು, ಆಟ, ಚಿತ್ರಗಳನ್ನು ಅಕ್ಷರ ಕಲಿಕೆಯ ಒಳಗೇ ತಂದು ಅದಕ್ಕೆ ಉತ್ತರ ಕೊಟ್ಟಿದೆ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಪ್ರಾಜೆಕ್ಟ್ ಎಂದರೆ ಅಂಗಡಿಯ ಥರ್ಮಾಕೋಲ್, ರಾತ್ರಿ ಹನ್ನೊಂದಕ್ಕೆ ಅಂಟು ಹಚ್ಚುವ ಅಪ್ಪ ಅಮ್ಮ. ನಿಜವೇ. ಆದರೆ ಆ ತಪ್ಪು ಕಲೆಯದಲ್ಲ, ಪ್ರದರ್ಶನದ ದಿನ ಚೊಕ್ಕಟವಾದದ್ದಕ್ಕೇ ಬಹುಮಾನ ಕೊಡುವ ದೊಡ್ಡವರದು. ಮಕ್ಕಳು ತರಗತಿಯಲ್ಲೇ ಒತ್ತಿದ ಅಡ್ಡಾದಿಡ್ಡಿ ಅಚ್ಚುಗಳನ್ನೇ ಗೋಡೆಗೆ ಅಂಟಿಸಿದರೆ ಥರ್ಮಾಕೋಲ್ ಆನೆಗೆ ಗಿರಾಕಿಗಳು ತಾವಾಗಿಯೇ ಕಡಿಮೆಯಾಗುತ್ತಾರೆ.