ಸೈನ್ ಟಿ ಬೈ ಟಿ

ಸತ್ತೂರ ಕಾಲೊನಿಯ ಹತ್ತಿರ, ಇಟ್ಟಿಗಟ್ಟಿ ರಸ್ತೆಯಲ್ಲಿ ಧಾರವಾಡದ ಟ್ರಿಪಲ್ ಐಟಿ ಇದೆ. 2022ರಲ್ಲಿ ಉದ್ಘಾಟನೆಯಾದ ಆ ಕ್ಯಾಂಪಸ್ಸಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿಗೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಸರ್ಕ್ಯೂಟ್ ಬಿಡಿಸುವ ಸಾಧನ. ಡೆರಿವೇಟಿವ್ ಇದ್ದಲ್ಲಿ ಎಸ್‌ನಿಂದ ಗುಣಿಸಿ ಆರಂಭದ ಬೆಲೆ ಕಳೆದರಾಯಿತು. ಸ್ವಿಚ್ ಹಾಕಿದ ಗಳಿಗೆಗೆ ಕೆಪ್ಯಾಸಿಟರಿನಲ್ಲಿದ್ದ ವೋಲ್ಟೇಜು ಲೆಕ್ಕದೊಳಗೇ ಬಂದಿರುತ್ತದೆ. ಪರೀಕ್ಷೆಗೆ ಸೂತ್ರಗಳ ಪಟ್ಟಿ ಬಾಯಿಪಾಠವಾದರೆ ಸಾಕು. ಆದರೆ ಆ ಪಟ್ಟಿಯನ್ನು ಕೈಯಾರೆ ಮಾಡಿ ನೋಡುವ ಸುಖವೇ ಬೇರೆ.

ಕೊಟ್ಟ ಫಂಕ್ಷನ್ನನ್ನು ‘ಇ ಪವರ್ ಮೈನಸ್ ಎಸ್‌ಟಿ’ಯಿಂದ ಗುಣಿಸಿ, ಸೊನ್ನೆಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡಬೇಕು, ಅಷ್ಟೇ. ಎಸ್ ಧನವಾಗಿದ್ದರೆ, ಮೀಟಿದ ತಂಬೂರಿಯ ನಾದ ಕರಗುವಂತೆ ಆ ಗುಣಕ ಕುಗ್ಗುತ್ತ ಹೋಗುತ್ತದೆ. ಅದರಿಂದಲೇ ಅನಂತದ ಮೊತ್ತಕ್ಕೂ ಒಂದು ಬೆಲೆ. 1ಕ್ಕೆ 1/ಎಸ್. ಟಿಗೆ 1/ಎಸ್². ಟಿ ವರ್ಗಕ್ಕೆ 2/ಎಸ್³, ಘನಕ್ಕೆ 6/ಎಸ್⁴. ಫ್ಯಾಕ್ಟೋರಿಯಲ್ಲು ಕರೆಯದೆಯೇ ಬಂದು ಕೂತಿತು! ಎಂದೂ ನಿಲ್ಲದ ಸೈನ್ ಟಿಗೆ 1/(ಎಸ್²+1), ಎಷ್ಟು ಚೊಕ್ಕ.

ಇವೆಲ್ಲ ಸೊಗಸು. ನನ್ನ ಮನಸ್ಸು ನಿಲ್ಲುವುದು ಮಾತ್ರ ಸೈನ್ ಟಿ ಬೈ ಟಿಯಲ್ಲಿ.

ಇದನ್ನು ಸೀದಾ ಇಂಟಿಗ್ರೇಟ್ ಮಾಡಲು ಹೊರಟರೆ ನಮಗೆ ಪರಿಚಯದ ಯಾವ ಫಂಕ್ಷನ್ನೂ ಒದಗುವುದಿಲ್ಲ. ಆದರೆ ಒಂದು ನಿಯಮವಿದೆ: ಈ ಕಡೆ ಟಿಯಿಂದ ಭಾಗಿಸಿದರೆ, ಆ ಕಡೆ ಎಸ್‌ನಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡು. 1/(ಎಸ್²+1)ರ ಇಂಟಿಗ್ರಲ್ ಟ್ಯಾನ್ ಇನ್ವರ್ಸ್ ಎಂದು ಪಿಯುಸಿ ಮಕ್ಕಳೂ ಹೇಳುತ್ತಾರೆ. ಉತ್ತರ, ಪೈ/2 ಮೈನಸ್ ಟ್ಯಾನ್ ಇನ್ವರ್ಸ್ ಎಸ್. ಈಗ ಎಸ್ಸನ್ನು ಮೆಲ್ಲಗೆ ಸೊನ್ನೆಗೆ ಇಳಿಸಿ. ಗುಣಕ 1 ಆಗಿ ಮರೆಯಾಗುತ್ತದೆ, ಎಡಕ್ಕೆ ಸೈನ್ ಟಿ ಬೈ ಟಿಯ ಇಂಟಿಗ್ರಲ್ ಒಂದೇ ಉಳಿಯುತ್ತದೆ, ಬಲಕ್ಕೆ ಪೈ/2.

ಹಾಗೆ ಇಳಿಸಬಹುದೇ? ಕೇಳಲೇಬೇಕಾದ ಪ್ರಶ್ನೆ, ರುಚಿಯೆಲ್ಲ ಇಲ್ಲಿದೆ. ಗ್ರಾಫಿನ ದಿಬ್ಬ, ತಗ್ಗುಗಳನ್ನೆಲ್ಲ ಧನವೆಂದೇ ಕೂಡಿಸಿದರೆ ಮೊತ್ತ ಅನಂತಕ್ಕೆ ಓಡುತ್ತದೆ. ಆದರೆ ಅವು ಧನ, ಋಣ ಎಂದು ಸರದಿಯಲ್ಲಿ ಬರುತ್ತವೆ, ಪ್ರತಿಯೊಂದೂ ಹಿಂದಿನದಕ್ಕಿಂತ ಸಣ್ಣದಾಗಿರುತ್ತದೆ. ಹೀಗಾಗಿ ಗ್ರಾಫು ಸೊನ್ನೆ ಮುಟ್ಟುವ ಯಾವ ಬಿಂದುವಿನಲ್ಲಿ ಕಡಿದರೂ, ಕಡಿದ ಬಾಲದ ಮೊತ್ತ ಅದರ ಮೊದಲ ದಿಬ್ಬವನ್ನೋ ತಗ್ಗನ್ನೋ ಮೀರುವುದಿಲ್ಲ. ಎಸ್ ಸೊನ್ನೆಯಿರಲಿ, ಅದಕ್ಕಿಂತ ದೊಡ್ಡದಿರಲಿ, ಈ ಮಾತು ಸುಳ್ಳಾಗದು. ಆದ್ದರಿಂದ ಧೈರ್ಯವಾಗಿ ಇಳಿಸಬಹುದು.